ಮಾಸ್ತರರ ಸಮುದ್ರಕ್ಕೆ ಟಿಕೆಟ್ ಇಲ್ಲದೆ ಬಂದವರು

ಪಾರ್ಸಲ್ ಆಫೀಸಿಗೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನ ಹತ್ತಿರ ಬಂದು, "ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತರಿ?" ಎಂದು ಕೇಳುತ್ತಾರೆ. ನನ್ನ ಬಡ್ತಿಗಳ ಕಥೆ ಹೇಳುವುದಿಲ್ಲ. ಅವು ಯಾಕೆ ತಡವಾದವು ಎಂಬುದರಲ್ಲಿ ನನ್ನ ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಆಸಕ್ತಿ ಇರಲಿಲ್ಲ, ಅವಳಿಗೂ ಈಗ ಇಲ್ಲ. ನಾನು ಹೇಳುವುದು ನಾನು ಮಾಡಿದ ತಪ್ಪುಗಳನ್ನು. ಅದರಲ್ಲೂ ಒಂದು ತಪ್ಪನ್ನು ನೆನೆದರೆ ಇಂದಿಗೂ ಮೊದಲು ಎದೆ ಝಲ್ಲೆನ್ನುತ್ತದೆ, ಆಮೇಲೆ ನಗು ಬರುತ್ತದೆ.

ನಾನು ಕೆಲಸಕ್ಕೆ ಸೇರಿದ್ದು ವಾಡಿ ಜಂಕ್ಷನ್‌ನಲ್ಲಿ, ನಿಜಾಮರ ಕಾಲದಲ್ಲಿ, ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು. ಬೊಂಬಾಯಿ ಕಡೆಯಿಂದ ಶಹಾಬಾದ ಮೇಲೆ ಬರುವ ರೈಲು ಒಂದು ಕಂಪನಿಯದು, ವಾಡಿಯಿಂದ ಚಿತ್ತಾಪುರ, ಸೇಡಂ ಕಡೆಗೆ ಹೋಗುವುದು ನಿಜಾಮರದು. ಹೀಗಾಗಿ ಆ ರೈಲಿನ ಪಾರ್ಸಲನ್ನು ಇಳಿಸಿಕೊಂಡು, ಚೀಟಿ ನೋಡಿ, ಈ ರೈಲಿಗೆ ಹತ್ತಿಸುವುದೇ ನಮ್ಮ ಕೆಲಸ. ಶಹಾಬಾದಿನ ಫರ್ಸಿ, ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಗೂಡ್ಸ್ ವ್ಯಾಗನ್ನಿನಲ್ಲಿ ಹೋಗುತ್ತಿತ್ತು, ಅದು ನಮಗೆ ಸಂಬಂಧವಿಲ್ಲ. ನಮಗೆ ಬರುತ್ತಿದ್ದದ್ದು ವೀಳ್ಯದೆಲೆಯ ಬುಟ್ಟಿ, ಚಿಂಚೋಳಿ ಕಾಡಿನ ಜೇನುತುಪ್ಪದ ಡಬ್ಬಿ, ಯಾರದೋ ಮದುವೆಯ ಪೆಟ್ಟಿಗೆ, ಮತ್ತೆ ಜೀವಂತ ಪಾರ್ಸಲ್ಲುಗಳು.

ಜೀವಂತ ಪಾರ್ಸಲ್ಲಿನ ಪಾಠವನ್ನು ನಾನು ಕಲಿತದ್ದು ಕೋಳಿಗಳಿಂದ. ಕಾಳಗಿಯ ವ್ಯಾಪಾರಿಯೊಬ್ಬ ಸೋಲಾಪುರಕ್ಕೆಂದು ಒಂದು ಬುಟ್ಟಿ ಕೋಳಿ ಕಳಿಸಿದ್ದ. ಬೊಂಬಾಯಿ ಕಡೆಯ ರೈಲು ತಡವಾಯಿತು. ಬುಟ್ಟಿ ಪ್ಲಾಟ್‌ಫಾರ್ಮಿನ ಬಿಸಿಲಲ್ಲಿ ಕೂತಿತು, ನಾನು ನೆರಳಲ್ಲಿ ಕೂತೆ. ಸಂಜೆ ನೋಡಿದರೆ ಬುಟ್ಟಿಯಲ್ಲಿ ಸದ್ದೇ ಇಲ್ಲ. ನಮ್ಮ ಹೆಡ್ ಕ್ಲಾರ್ಕ್ ಲಕ್ಷ್ಮಯ್ಯನವರು ತಾಂಡೂರಿನ ಕಡೆಯವರು. ಅವರನ್ನು ಎಲ್ಲರೂ ಬಡೇ ಬಾಬು ಅನ್ನುತ್ತಿದ್ದರು. ಅವರು ಕೂಗಾಡುವ ಮನುಷ್ಯ ಅಲ್ಲ. ಒಂದು ಲೋಟ ನೀರು ತರಿಸಿ, ನನ್ನ ಎದುರಿಗೇ ನಿಧಾನವಾಗಿ ಕುಡಿದರು.

"ಗುರುರಾಯಾ, ನಂಗ ನೀರಡಿಕಿ ಆದ್ರ ಬಾಯಿ ಬಿಟ್ಟು ಕೇಳ್ತೀನಿ. ಅವಕ್ಕ ಕೇಳಾಕ ಬರ್ತದೇನು? ಜೀವ ಇದ್ದ ಪಾರ್ಸಲ್ಲಿಗೆ ನೀರು ಕುಡಸದ ಮುಂದ ಕಳಸಬ್ಯಾಡ. ಕುಡಿಸಿದ್ದು ಚೀಟಿ ಮ್ಯಾಗ ಬರದು ಸಹಿ ಮಾಡು."

ಅಂದಿನಿಂದ ನಾನು ವಾಡಿ ಸ್ಟೇಷನ್ನಿನ ದೊಡ್ಡ ಪುಣ್ಯವಂತನಾದೆ. ಆಡು, ಪಾರಿವಾಳ, ಯಾವ ಸಾಹೇಬನದೋ ನಾಯಿ, ಎಲ್ಲಕ್ಕೂ ಬಾವಿಯಿಂದ ತಣ್ಣನೆಯ ನೀರು. ಒಂದು ಗಿಣಿ ನೀರು ಕುಡಿದು ಮರಾಠಿಯಲ್ಲಿ ನನ್ನನ್ನೇ ಬೈದು ಹೋಯಿತು, ಆದರೂ ಚೀಟಿಯಲ್ಲಿ "ನೀರು ಕೊಡಲಾಗಿದೆ" ಎಂದು ಬರೆದೆ. ಆ ಸಹಿ ಹಾಕುವಾಗ ನನಗೆ ಭಾಳ ಹೆಮ್ಮೆ ಇರುತ್ತಿತ್ತು.

ಆ ವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ಬೊಂಬಾಯಿಯ ರೈಲಿನಿಂದ ಒಂದು ವಿಚಿತ್ರ ಪಾರ್ಸಲ್ ಇಳಿಯಿತು. ಬಿಗಿಯಾಗಿ ಮುಚ್ಚಿದ ಮೂರು ಕಟ್ಟಿಗೆಯ ಪೀಪಾಯಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಪೆಟ್ಟಿಗೆ ಕಲ್ಲು, ಮುಚ್ಚಳಕ್ಕೆ ತೂತು ಹೊಡೆದ ಒಂದು ಡಬ್ಬಿ. ಡಬ್ಬಿಯಲ್ಲಿ ಬೆರಳುದ್ದದ ನಾಲ್ಕು ಮೀನು. ಹೋಗಬೇಕಾದದ್ದು ಚಿತ್ತಾಪುರಕ್ಕೆ. ಹೆಸರು ಓದಿ ನನಗೆ ಖುಷಿಯಾಯಿತು. ಅಬ್ದುಲ್ ರವೂಫ್ ಸಾಹೇಬರು, ಚಿತ್ತಾಪುರದ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದ ಮಾಸ್ತರು, ಆಗ ನಿವೃತ್ತರಾಗಿದ್ದರು.

ಚಿತ್ತಾಪುರದ ರೈಲಿಗೆ ಇನ್ನೂ ಹೊತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದೆ. ನೀರು ಮಬ್ಬಾಗಿತ್ತು, ಒಂದು ಥರದ ವಾಸನೆ ಬರುತ್ತಿತ್ತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಥೂ! ಉಪ್ಪು ಉಪ್ಪು. ಬೊಂಬಾಯಿಯ ಜನ ಎಂಥ ಕೆಟ್ಟ ನೀರು ಹಾಕಿ ಕಳಿಸಿದ್ದಾರಪ್ಪ ಅನ್ನಿಸಿತು. ನಮ್ಮ ಮಾಸ್ತರರ ಮೀನುಗಳು ಇಂಥ ನೀರಿನಲ್ಲಿ ಒದ್ದಾಡುವುದೇ? ಆ ನೀರನ್ನು ಪೂರ್ತಿ ಚೆಲ್ಲಿದೆ. ಸ್ಟೇಷನ್ನಿನ ಬಾವಿಯಿಂದ ಸಿಹಿ ನೀರು ಸೇದಿ, ಬಟ್ಟೆಯಲ್ಲಿ ಸೋಸಿ ತುಂಬಿದೆ. ಉಳಿದ ಒಂದು ಕೊಡವನ್ನು ಕಲ್ಲಿನ ಗೋಣಿತಟ್ಟಿನ ಮೇಲೆ ಸುರಿದೆ. ಪೀಪಾಯಿಗಳನ್ನು ಮಾತ್ರ ಮುಟ್ಟಲಿಲ್ಲ, ಅವಕ್ಕೆ ಅರಗಿನ ಮುದ್ರೆ ಇತ್ತು.

ಹೊಸ ನೀರಿಗೆ ಬಿದ್ದ ಮೀನುಗಳು ಪಟಪಟನೆ ಕುಣಿದವು. ನಾನು ಪಕ್ಕದಲ್ಲಿದ್ದ ಹಮಾಲನನ್ನು ಕರೆದು ತೋರಿಸಿದೆ. "ನೋಡು, ಎಷ್ಟು ಖುಷಿ ಆಗ್ಯದ ಅವಕ್ಕ!" ಎಂದೆ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಕೆಟ್ಟ ನೀರು ತೆಗೆದು ವಾಡಿಯಲ್ಲಿ ಒಳ್ಳೆಯ ನೀರು ತುಂಬಲಾಗಿದೆ." ಕೆಳಗೆ ಸಹಿ.

ಮಧ್ಯಾಹ್ನದ ಹೊತ್ತಿಗೆ ಚಿತ್ತಾಪುರದಿಂದ ತಂತಿ ಬಂತು. ಮೀನು ಸತ್ತಿವೆ, ಪಾರ್ಸಲ್ ಪಡೆದವರು ಸಹಿ ಮಾಡಿದ ಕ್ಲಾರ್ಕಿನ ಹೆಸರು ಕೇಳುತ್ತಿದ್ದಾರೆ. ಬಡೇ ಬಾಬು ನನ್ನನ್ನು ಕರೆದರು. ನಾನು ಏನೇನು ಮಾಡಿದೆ ಎಂದು ಒಂದೊಂದೇ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ನಿನ್ನ! ಅದು ಸಮುದ್ರದ ಮೀನಲೇ. ಉಪ್ಪು ನೀರೇ ಅದರ ಜೀವ. ನೀ ಕುಡಿಸಿದ್ದು ನೀರಲ್ಲ, ವಿಷ."

ನಾನು ಇನ್ನೂ ಕಾಯಂ ಆಗಿರಲಿಲ್ಲ. ಪರೀಕ್ಷೆಯ ಅವಧಿಯಲ್ಲಿ ಒಂದು ಲಿಖಿತ ದೂರು ಬಂದರೆ ಮನೆಯ ದಾರಿ. ಸೇಡಂನಲ್ಲಿ ಅವ್ವ, ಇಬ್ಬರು ತಮ್ಮಂದಿರು ನನ್ನ ಈ ನೌಕರಿಯನ್ನೇ ನಂಬಿಕೊಂಡಿದ್ದರು. ಬಡೇ ಬಾಬು, "ದೂರು ಬರೋದ್ರಾಗ ನೀನಾ ಹೋಗಿ ಎದುರಿಗೆ ನಿಂದ್ರು. ನಾ ಏನೂ ಸುಳ್ಳು ಬರ್ಯಾಂಗಿಲ್ಲ" ಎಂದರು. ಮರುದಿನ ರಜೆ ಕೊಟ್ಟು ಕಳಿಸಿದರು.

ಮಾಸ್ತರರ ಮನೆಯ ಉತ್ತರದ ಕೋಣೆಯಲ್ಲಿ ಒಂದು ತೊಟ್ಟಿ ಇತ್ತು. ತಳಕ್ಕೆ ಮತ್ತು ಮೂರು ಪಕ್ಕಕ್ಕೆ ಶಹಾಬಾದಿನ ಫರ್ಸಿ, ಎದುರಿಗೆ ಹಳೆಯ ಪುಸ್ತಕದ ಕಪಾಟಿನಿಂದ ತೆಗೆದ ದಪ್ಪ ಗಾಜು. ಮೂರು ಪೀಪಾಯಿಯ ಸಮುದ್ರದ ನೀರನ್ನು ಅದಕ್ಕೆ ತುಂಬಿದ್ದರು. ನೀರೊಳಗೆ ತೂತು ತೂತಾದ ಐದಾರು ಕಲ್ಲು, ಬೇರೇನೂ ಇಲ್ಲ. ಪಕ್ಕದಲ್ಲಿ ಒಂದು ತಟ್ಟೆಯ ಮೇಲೆ ನನ್ನ ನಾಲ್ಕು ಮೀನುಗಳು ಒಣಗಿದ್ದವು. ಮಾಸ್ತರು ಅದರ ಎದುರು ಚಾಪೆಯ ಮೇಲೆ ಕೂತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

"ಸಹಿ ನಂದ್ರಿ ಮಾಸ್ತರ. ಕಲ್ಲಿನ ಮ್ಯಾಗೂ ಒಂದು ಕೊಡ ಸುರದೀನ್ರಿ," ಎಂದೆ.

ಅವರು ತಲೆ ಎತ್ತಿ ಕನ್ನಡಕ ಸರಿ ಮಾಡಿಕೊಂಡರು. "ಗುರುರಾವ್? ಸೇಡಂ ಗುರುರಾವ್? ಬಾ, ಕುಂದ್ರು." ಆಮೇಲೆ ಕೇಳಿದರು: "ಸಮುದ್ರದ ಪಾಠ ನಿಂಗ ಯಾರು ಹೇಳಿದ್ರು ಬೇಟಾ?"

"ನೀವಾ ಹೇಳಿದ್ರಿ."

"ಸಮುದ್ರದ ನೀರು ಹ್ಯಾಂಗಿರ್ತದ ಅಂತ ಹೇಳಿದ್ದೆ?"

"ಉಪ್ಪು ಅಂತ ಹೇಳಿದ್ರಿ. ನಾ ಬರಕೊಂಡಿದ್ದೆ. ಪರೀಕ್ಷಾದಾಗ ಬರದಿದ್ದೆ ಸೈತ."

ಅವರು ಕಣ್ಣು ಮುಚ್ಚಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಮೂವತ್ತು ವರ್ಷ ಈ ಊರಾಗ ಸಮುದ್ರ ಕಲಿಸೀನಿ. ಒಬ್ಬರೂ ಕಂಡಿಲ್ಲ. ನಾನೂ ಬೊಂಬಾಯಿಗೆ ಹೋಗಿ ಒಂದಾ ಸಲ ಕಂಡೀನಿ. ಸಾಯೋದ್ರಾಗ ಒಂದು ತುಣುಕು ಸಮುದ್ರ ತಂದು ಈ ಹುಡುಗರಿಗೆ ತೋರಿಸಬೇಕಂತ ಇತ್ತು. ತೋರಿಸೋ ಮೊದಲಾ ನನ್ನ ಶಾಗಿರ್ದಾ, ನಾ ಕಲಿಸಿದ ಹುಡುಗಾ, ಅದಕ್ಕ ಸಿಹಿ ನೀರು ಹಾಕಿದ!" ಎಂದರು. ಬೊಂಬಾಯಿಯಿಂದ ಕಳಿಸಿದ ಗೆಳೆಯರು ಊರು ಬಿಟ್ಟು ಹೋಗುವವರಿದ್ದರಂತೆ. ಎರಡನೇ ಸಲ ಕಳಿಸುವವರು ಯಾರೂ ಇರಲಿಲ್ಲ.

ಮಾಸ್ತರರ ಹೆಂಡತಿ ಹಲೀಮಾಬಿ ಬಾಗಿಲ ಪರದೆಯ ಹಿಂದೆ ನಿಂತಿದ್ದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ತೊಟ್ಟಿಯ ಮೇಲಿತ್ತು. "ಈಗರ ಆ ಫರ್ಸಿ ಬಿಚ್ಚಿ ಕೊಡ್ರಿ, ಬಚ್ಚಲಕ್ಕ ಹಾಕ್ಕೊತೀನಿ" ಎಂದರು. ಮಾಸ್ತರು ಕೈ ಎತ್ತಿ ತಡೆದರು. ಮೇಜಿನ ಮೇಲೆ, ಶಾಯಿ ಬುಡ್ಡಿಯ ಕೆಳಗೆ ಒಂದು ಕಾಗದ ಇತ್ತು. ಅದು ದೂರಿನ ಪತ್ರ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

"ಬರದಿಟ್ಟೀನಿ, ಇನ್ನೂ ಕಳಿಸಿಲ್ಲ. ಈ ಕಲ್ಲಿನ ತೂತು ನೋಡು. ನೀ ಮ್ಯಾಗ ನೀರು ಸುರದೀದಿ, ಒಳಗ ಎಷ್ಟು ಇಳದದ ಯಾರಿಗೆ ಗೊತ್ತು? ಹದಿನೈದು ದಿನ ಕಾಯ್ತೀನಿ. ಈ ನೀರಾಗ ಏನರ ಜೀವ ಕಂಡ್ರ ಸರಿ. ಇಲ್ಲಂದ್ರ ತೊಟ್ಟಿ ಬಚ್ಚಲಕ್ಕ ಹೋಗ್ತದ, ಕಾಗದ ರೈಲ್ವೆ ಸಾಹೇಬರಿಗೆ ಹೋಗ್ತದ."

ಹೀಗೆ ನನ್ನ ಅನ್ನ ಆ ತೂತುಕಲ್ಲುಗಳ ಹೊಟ್ಟೆಯೊಳಗೆ ಸಿಕ್ಕಿಕೊಂಡಿತು. ವಾಡಿಯಿಂದ ಚಿತ್ತಾಪುರ ಹತ್ತಿರವೇ. ಬಿಡುವು ಸಿಕ್ಕಾಗೆಲ್ಲ ಹೋಗಿ, ಮಾಸ್ತರು ಹೇಳಿದಂತೆ ಲೋಟದಿಂದ ನೀರೆತ್ತಿ ಮೇಲಿಂದ ಸುರಿಯುತ್ತಿದ್ದೆ, ನೀರಿಗೆ ಗಾಳಿ ಸೇರಲಿ ಎಂದು. ತೊಟ್ಟಿಯ ನೀರು ಆರಿ ಕಡಿಮೆಯಾದಾಗ ಅವರು ಒಂದು ಚೊಂಬು ಸಿಹಿ ನೀರು ಹಾಕಲು ಹೇಳಿದರು. ನಾನು ಬೆಚ್ಚಿ ಹಿಂದೆ ಸರಿದೆ. "ಹಾಕು, ಹಾಕು. ಆರಿ ಹೋಗೋದು ನೀರಷ್ಟಾ, ಉಪ್ಪು ಇಲ್ಲೇ ಉಳೀತದ. ಈಗ ಅದಕ್ಕ ಸಿಹಿ ನೀರಾ ಬೇಕು," ಎಂದು ನಕ್ಕರು. ಶಾಲೆಯಲ್ಲಿ ಬರೆದುಕೊಂಡದ್ದು ನನಗೆ ಅರ್ಥವಾದದ್ದು ಆ ದಿನ. ಹಲೀಮಾಬಿ ನನಗೆಂದು ಸಿಪ್ಪೆ ಸುಲಿಯದ ಬಾಳೆಹಣ್ಣು ಇಡುತ್ತಿದ್ದರು. ವೈಷ್ಣವರ ಮನೆಯವನು ತಮ್ಮ ಮನೆಯಲ್ಲಿ ಬೇರೇನೂ ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಹತ್ತು ದಿನ ಏನೂ ಇಲ್ಲ. ಕಲ್ಲಿನ ಮೇಲೆ ಕಂದು ಬಣ್ಣದ ಪಾಚಿ ಬಂತು, ಅಷ್ಟೇ. ಹನ್ನೆರಡನೇ ದಿನ ಶುಕ್ರವಾರ. ನಾನು ಹೋದಾಗ ಮಾಸ್ತರು ನಮಾಜಿಗೆ ಹೋಗಿದ್ದರು. ಹಲೀಮಾಬಿ ಪರದೆ ಗಿರದೆ ಎಲ್ಲ ಬಿಟ್ಟು ಅಂಗಳದಲ್ಲೇ ನನ್ನನ್ನು ತಡೆದರು. ಮುಖ ಬಿಳಿಚಿಕೊಂಡಿತ್ತು.

"ಬರ್ರಿ, ಲಗೂನ ಬರ್ರಿ. ನೀರಾಗ ಹುಳ ಹುಟ್ಯದ. ನಾರು!"

ಈಗಿನವರಿಗೆ ನಾರು ಅಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ನಮ್ಮ ಬಾವಿಗಳ ನೀರಿನಿಂದ ಮೈಯೊಳಗೆ ಸೇರುತ್ತಿದ್ದ ಉದ್ದನೆಯ ಹುಳ ಅದು. ವರ್ಷ ತುಂಬುವ ಹೊತ್ತಿಗೆ ಕಾಲಿನ ಚರ್ಮ ಒಡೆದು ಹೊರಗೆ ಬರುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದರು. ನನ್ನ ಎಡಗಾಲಿನ ಹರಡಿನ ಹತ್ತಿರ ಇಂದಿಗೂ ಅದರ ಕಲೆ ಇದೆ. ಆ ನೋವು ಅನುಭವಿಸಿದವನಿಗೆ ನೀರಿನಲ್ಲಿ ದಾರದಂಥದ್ದು ಕಂಡರೆ ಸಾಕು, ಕೈಕಾಲು ತಣ್ಣಗಾಗುತ್ತವೆ.

ತೊಟ್ಟಿಯಲ್ಲಿ ಬಗ್ಗಿ ನೋಡಿದೆ. ನಿಜ. ಒಂದು ಕಲ್ಲಿನ ತೂತಿನಿಂದ ಕಂದು ಬಣ್ಣದ ಎಳೆ ಒಂದು ಹೊರಗೆ ಚಾಚಿಕೊಂಡು ಅಲುಗಾಡುತ್ತಿತ್ತು. ಹಲೀಮಾಬಿ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. ನೀರಿನ ಹುಳ ಸಾಯಲೆಂದು ಬಾವಿಗೆ ಹಾಕಲು ದವಾಖಾನೆಯಿಂದ ಕೊಡುತ್ತಿದ್ದ ಕೆಂಪು ಪುಡಿ.

"ಅವರು ಬರೋದ್ರಾಗ ಹಾಕಿಬಿಡ್ರಿ. ಅವರು ಬಂದ್ರ ಹಾಕಗೊಡಂಗಿಲ್ಲ. ಮನ್ಯಾಗ ಮೊಮ್ಮಕ್ಕಳು ಬರ್ತಾವ, ನೀರಾಗ ಕೈ ಆಡಿಸ್ತಾವ. ನಿಮಗ ಪುಣ್ಯ ಬರ್ತದ."

ಪೊಟ್ಟಣ ಬಿಚ್ಚಿದೆ. ತೊಟ್ಟಿಯ ಮೇಲೆ ಕೈ ಚಾಚಿದೆ. ಅವರ ಮಾತಿನಲ್ಲಿ ಏನು ತಪ್ಪಿತ್ತು? ಕಾಲಿನ ಕಲೆ ಕೂಡ ಹಾಕು ಹಾಕು ಅನ್ನುತ್ತಿತ್ತು. ಆದರೆ ಪುಣ್ಯ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಆ ಮೀನುಗಳು ನೆನಪಾದವು. ಖುಷಿಯಿಂದ ಕುಣಿಯುತ್ತಿವೆ ಎಂದು ನಾನು ಹಮಾಲನಿಗೆ ತೋರಿಸಿದ ಮೀನುಗಳು ಸಾಯುತ್ತಿದ್ದವು. ಅವತ್ತೂ ನಾನು ಪುಣ್ಯದ ಕೆಲಸವನ್ನೇ ಮಾಡಿದ್ದೆ. ಅವತ್ತು ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

"ಅಮ್ಮಾ, ಮಾಸ್ತರು ಬರ್ಲಿ. ಕೇಳಿ ಹಾಕೂಣು," ಎಂದು ಪೊಟ್ಟಣ ಮಡಚಿದೆ. ಅವಸರದಲ್ಲಿ ಎರಡು ಚಿಟಿಕೆ ಪುಡಿ ನೆಲದ ಮೇಲೆ ಬಿತ್ತು. ಹಲೀಮಾಬಿ ಸಿಟ್ಟಿನಿಂದ ಅಡುಗೆಮನೆಗೆ ಹೋದರು. ನಾನು ತೊಟ್ಟಿಗೂ ಬಾಗಿಲಿಗೂ ನಡುವೆ ಕಾವಲು ಕೂತೆ.

ಮಾಸ್ತರು ಬಂದರು. ಟೋಪಿಯನ್ನೂ ತೆಗೆಯದೆ, ಶಾಲೆಯ ಕಾಲದ ಭೂತಗನ್ನಡಿ ತಂದು ಗಾಜಿಗೆ ಹಿಡಿದರು. ಅವರ ನೆರಳು ಬಿದ್ದದ್ದೇ ತಡ, ಎಳೆ ಸರ್ರನೆ ತೂತಿನೊಳಗೆ ಹೋಯಿತು. ಹಲೀಮಾಬಿಯೂ ಅಡುಗೆಮನೆಯಿಂದ ಬಂದರು, ಮೂವರೂ ನೆರಳು ಬೀಳದಂತೆ ಹಿಂದೆ ಸರಿದು ಕೂತೆವು. ಸ್ವಲ್ಪ ಹೊತ್ತಿಗೆ ಅದು ನಿಧಾನವಾಗಿ ಹೊರಗೆ ಬಂತು. ಈ ಸಲ ಒಂದೇ ಎಳೆ ಅಲ್ಲ. ಎರಡು, ಹತ್ತು, ಇಪ್ಪತ್ತು ಎಳೆಗಳು ಬಿಡಿಸಿಕೊಂಡು, ಕಂದು ಬಿಳಿ ಪಟ್ಟೆಯ ಒಂದು ಸಣ್ಣ ಬೀಸಣಿಗೆ ತೆರೆಯಿತು.

ಮಾಸ್ತರರ ಕಣ್ಣಲ್ಲಿ ನೀರು ಬಂತು. "ಬದುಕ್ಯದ," ಎಂದರು. "ಇದು ಹುಳಾನೇ, ಖರೆ. ಆದ್ರ ಬಡಪಾಯಿ. ತನ್ನ ಗೂಡು ಬಿಟ್ಟು ಎಲ್ಲೂ ಹೋಗಂಗಿಲ್ಲ. ನೀರಾಗಿನ ಧೂಳು ಸೋಸಿ ತಿಂತದ. ಯಾರಿಗೂ ಏನೂ ಮಾಡಂಗಿಲ್ಲ."

"ನಾರು ಅಲ್ಲ ಅಂತ ಹ್ಯಾಂಗ ಹೇಳ್ತೀರಿ?" ಹಲೀಮಾಬಿ ಬಿಡಲಿಲ್ಲ.

ಮಾಸ್ತರು ನನ್ನ ಕಡೆ ತಿರುಗಿದರು. "ನೀ ಹೇಳು, ಗುರುರಾವ್. ನಾರು ಎಂಥ ನೀರಿಂದು?"

"ಬಾವಿ ನೀರಿಂದ್ರಿ. ಸಿಹಿ ನೀರಿಂದು."

"ಈ ನೀರಾಗ ಬದುಕ್ತದೇನು?"

ನನಗೆ ಉತ್ತರ ಗೊತ್ತಿತ್ತು. ನನ್ನಷ್ಟು ಚೆನ್ನಾಗಿ ಆ ಇಡೀ ತಾಲೂಕಿನಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. "ಬದುಕಂಗಿಲ್ರಿ," ಎಂದೆ. "ಸಮುದ್ರದ ಮೀನು ನಮ್ಮ ವಾಡಿ ನೀರಾಗ ಬದುಕಲಿಲ್ಲ ನೋಡ್ರಿ, ಹಂಗಾ."

"ಶಾಬಾಶ್!" ಮಾಸ್ತರು ನನ್ನ ಬೆನ್ನು ತಟ್ಟಿದರು. "ನಾಲ್ಕು ಮೀನು ಸತ್ತು ಒಬ್ಬ ಶಾಗಿರ್ದ ಪಾಸಾದ."

ಹಲೀಮಾಬಿ ಸೆರಗು ಬಾಯಿಗೆ ಹಿಡಿದು ಗಾಜಿನ ಹತ್ತಿರ ಬಂದರು. ತುಂಬ ಹೊತ್ತು ನೋಡಿ, "ಹುಳ ಯಾಕನ್ನಬೇಕು, ಗೊಂಡೆ ಇದ್ದಂಗದ," ಎಂದರು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಗೊಂಡೆ ಎಂದೇ ಹೆಸರಾಯಿತು. ಆಮೇಲೆ ಅವರು ಒಳಗೆ ಹೋಗಿ ಚಹಾ ತಂದರು. ಎರಡೇ ಕಪ್ಪು, ನನಗೆ ಬಾಳೆಹಣ್ಣು. ನಾನು ಕೈ ಚಾಚಿ, "ಅಮ್ಮಾ, ನಂಗೂ ಚಹಾನೇ ಕೊಡ್ರಿ," ಎಂದೆ. ಅವರು ನನ್ನ ಮುಖ ನೋಡಿ, ತಮ್ಮ ಕಪ್ಪನ್ನೇ ಕೊಟ್ಟರು. ಆ ಚಹಾದಂಥ ಚಹಾ ನಾನು ಮತ್ತೆ ಕುಡಿದಿಲ್ಲ. ಸೇಡಂನಲ್ಲಿ ಅವ್ವನಿಗೆ ಮಾತ್ರ ಹೇಳಲಿಲ್ಲ.

ಒಂದು ಹೊರಬಿದ್ದ ಮೇಲೆ ಉಳಿದವಕ್ಕೂ ಧೈರ್ಯ ಬಂತೇನೋ. ಮರುದಿನವೇ ಗಾಜಿನ ಮೇಲೆ ಸಾಸಿವೆ ಗಾತ್ರದ ಬಸವನಹುಳುಗಳು ತೆವಳಿದವು. ಒಂದು ಕಲ್ಲಿನ ಸಂದಿಯಿಂದ ಐದು ಸಣ್ಣ ಕಾಲಿನ ನಕ್ಷತ್ರದಂಥದ್ದು ಹೊರಗೆ ಬಂದು, ನಮ್ಮನ್ನು ನೋಡಿ ಮತ್ತೆ ಒಳಗೆ ಹೋಯಿತು. ಹಲೀಮಾಬಿ ಅದನ್ನು ಜುಮಕಿ ಎಂದು ಕರೆದರು. ಇವುಗಳನ್ನು ಬೊಂಬಾಯಿಯ ಗೆಳೆಯರು ಕಳಿಸಿರಲಿಲ್ಲ. ಅವರು ಕಳಿಸಿದ್ದು ಬರಿಯ ಕಲ್ಲು. ಇವು ಕಲ್ಲಿನೊಳಗೆ ಅಡಗಿ, ಚೀಟಿಯಲ್ಲಿ ಹೆಸರಿಲ್ಲದೆ, ಟಿಕೆಟ್ ಇಲ್ಲದೆ ಬಂದವು, ನನ್ನ ಒಂದು ಕೊಡ ಸಿಹಿ ನೀರನ್ನೂ ದಾಟಿ. ನನ್ನ ನೌಕರಿ ಉಳಿಸಿದ್ದು ಟಿಕೆಟ್ ಇಲ್ಲದ ಪ್ರಯಾಣಿಕರು ಎಂದರೆ ರೈಲ್ವೆಯವರು ನಂಬಲಿಕ್ಕಿಲ್ಲ. ಆಮೇಲಿನ ದಿನಗಳಲ್ಲಿ ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡಿದರು. ಮಾಸ್ತರು ಪ್ರತಿಯೊಬ್ಬರಿಗೂ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಲು ಹೇಳುತ್ತಿದ್ದರು. ಎಲ್ಲರೂ ಥೂ ಅನ್ನುತ್ತಿದ್ದರು. ಬೇಸಿಗೆ ಬರುವವರೆಗೆ ಆ ಸಮುದ್ರ ಚಿತ್ತಾಪುರದಲ್ಲಿತ್ತು. ನಮ್ಮ ಬಿಸಿಲಿಗೆ ಅದು ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂದು ಮಾಸ್ತರರಿಗೂ ಗೊತ್ತಿತ್ತು.

ಈ ಪ್ರಸಂಗದ ನಂತರ ವಾಡಿಯಲ್ಲಿ ಒಂದು ಪದ್ಧತಿ ಬದಲಾಯಿತು. ಜೀವಂತ ಪಾರ್ಸಲ್ ಕಳಿಸುವವರು ಅದು ಏನು ಕುಡಿಯುತ್ತದೆ, ಏನು ಕುಡಿಯುವುದಿಲ್ಲ ಎಂದು ಕೆಂಪು ಕಾಗದದ ಮೇಲೆ ಬರೆದು ಅಂಟಿಸಬೇಕು. ಬರೆಯದಿದ್ದರೆ ನಾವು ತಂತಿ ಹೊಡೆದು ಕೇಳುತ್ತಿದ್ದೆವು. ಹೊಸ ಸಾಹೇಬರೊಬ್ಬರು ಬಂದು, ಇದೇನು ಹುಚ್ಚು, ಒಂದು ಬುಟ್ಟಿ ಪಾರಿವಾಳಕ್ಕೆ ತಂತಿಯೇ ಎಂದು ನಕ್ಕರು. ನಗಲಿ ಎಂದು ಬಿಟ್ಟೆ. ನಿಮಗೂ ನಾನು ಹೇಳುವುದು ಇಷ್ಟೇ. ಒಳ್ಳೆಯದು ಮಾಡಲು ಕೈ ಎತ್ತುವ ಮೊದಲು ಒಂದು ಮಾತು ಕೇಳಿ.

ಆ ದೂರಿನ ಕಾಗದ ಏನಾಯಿತು ಎಂದು ನೀವು ಕೇಳಬಹುದು. ಹದಿನೈದನೇ ದಿನ ಮಾಸ್ತರು ನನ್ನೆದುರಿಗೆ ಅದನ್ನು ಹರಿದು, ಚಿತ್ತಾಪುರ ಸ್ಟೇಷನ್ನಿನಿಂದ ಪಾರ್ಸಲ್ ಚೀಟಿಯನ್ನು ತರಿಸಿಕೊಂಡರು. ಚೀಟಿಯಲ್ಲಿ ಎರಡು ಕಾಲಂ ಇರುತ್ತವೆ: ಕಡಿಮೆ ಬಂದದ್ದು, ಹೆಚ್ಚು ಬಂದದ್ದು. ಎರಡನೆಯದನ್ನು ಯಾರೂ ತುಂಬಿದ್ದು ನಾನು ಕಂಡಿರಲಿಲ್ಲ. ಮಾಸ್ತರು ತಮ್ಮ ಚೆಂದದ ಉರ್ದು ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಮಡಚಿ ಕೊಟ್ಟರು. ಬಡೇ ಬಾಬು ಅದನ್ನು ಎರಡು ಸಲ ಓದಿದರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಬಾಯಿ ತುಂಬ ನಕ್ಕದ್ದು ಅವತ್ತೇ. ಚೀಟಿಯನ್ನು ಫೈಲಿಗೆ ಹಾಕದೆ ನನಗೇ ಕೊಟ್ಟು, "ಇಟ್ಟುಕೋ, ನಿಂದು ಕಾಯಂ ಆದಂಗಾ," ಎಂದರು. ಅದು ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಹೀಗಿದೆ:

"ಕಡಿಮೆ ಬಂದದ್ದು: ಮೀನು ನಾಲ್ಕು. ಹೆಚ್ಚು ಬಂದದ್ದು: ಗೊಂಡೆ ಒಂದು, ಜುಮಕಿ ಒಂದು, ಬಸವನಹುಳು ಎಣಿಸಲಾಗಿಲ್ಲ, ಶಾಗಿರ್ದ ಒಬ್ಬ. ಹೆಚ್ಚು ಬಂದ ಸಾಮಾನನ್ನು ರೈಲ್ವೆಯವರು ವಾಪಸು ಕೇಳಬಾರದು. ಕೊಡುವುದಿಲ್ಲ."